ಬದಲಾಗದ್ದನ್ನೇ ಮತ್ತೆ ಮತ್ತೆ ಕಟ್ಟುವ ಯಂತ್ರಗಳು. ಬಿಲ್ ಯಾರ ತಲೆಗೆ?

2020ರ ಫೆಬ್ರವರಿ ಕೊನೆಯಲ್ಲಿ ಎಕ್ಸ್.ಆರ್ಗ್ ಫೌಂಡೇಶನ್ನಿನ ಮಂಡಳಿ ತನ್ನ ಡೆವಲಪರ್‌ಗಳಿಗೆ ಒಂದು ಇಮೇಲ್ ಕಳಿಸಿತು. ಒಂದೇ ಮಾತಲ್ಲಿ ಹೇಳೋದಾದರೆ, ದುಡ್ಡು ಸಾಲುತ್ತಿಲ್ಲ. ಫ್ರೀಡೆಸ್ಕ್‌ಟಾಪ್ ಎಂಬ ತಾಣದ ಸರ್ವರ್‌ಗಳಿಗೆ ಆ ವರ್ಷ 75,000 ಡಾಲರ್ ಖರ್ಚಾಗುವ ಅಂದಾಜಿದೆ, ಮುಂದಿನ ವರ್ಷ ಅದು 90,000 ಮುಟ್ಟಬಹುದು, ಪ್ರಾಯೋಜಕರು ಸಿಗದಿದ್ದರೆ ಮೇ-ಜೂನ್ ಹೊತ್ತಿಗೆ ಸಿಐ ಸೇವೆಯನ್ನು ನಿಲ್ಲಿಸಬೇಕಾಗುತ್ತದೆ ಅಂತ ಅದರಲ್ಲಿತ್ತು. ಆಗಿನ ಲೆಕ್ಕದಲ್ಲಿ 75,000 ಡಾಲರ್ ಅಂದರೆ 50 ಲಕ್ಷ ರೂಪಾಯಿಗೂ ಮೇಲೆ. ಬೆಂಗಳೂರಿನ ಯಾವುದೇ ದೊಡ್ಡ ಐಟಿ ಕಂಪನಿಗೆ ಇದು ಚಿಲ್ಲರೆ ಕಾಸು. ದೇಣಿಗೆಯ ಮೇಲೆ ಬದುಕುವ ಲಾಭರಹಿತ ಸಂಸ್ಥೆಗೆ ಹಾಗಲ್ಲ.

ಫ್ರೀಡೆಸ್ಕ್‌ಟಾಪ್ ಹೆಸರು ನೀವು ಕೇಳಿರದಿದ್ದರೂ ಅಲ್ಲಿ ತಯಾರಾಗುವ ಸಾಫ್ಟ್‌ವೇರ್ ನಿಮ್ಮ ಸುತ್ತಮುತ್ತ ಇರುತ್ತದೆ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇದ್ದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಡ್ರೈವರ್ ಸಾಮಾನ್ಯವಾಗಿ ಮೆಸಾ ಎಂಬ ಯೋಜನೆಯದ್ದು, ಆ ಮೆಸಾ ಬೆಳೆಯುವುದು ಅಲ್ಲೇ. ನಮ್ಮ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ನಿಂತಿರುವುದು ಡೆಬಿಯನ್ ಮೇಲೆ, ಡೆಬಿಯನ್ನಿನೊಳಗೆ ಮೆಸಾ ಇದೆ. ಊರ ಕೆರೆ ಇದ್ದ ಹಾಗೆ ಇದು. ನೀರು ಎಲ್ಲರಿಗೂ ಬೇಕು. ಹೂಳೆತ್ತುವ ಖರ್ಚು ಯಾರದ್ದು ಅಂತ ಕೇಳಿದ ಕೂಡಲೇ ಎಲ್ಲರೂ ಪಕ್ಕದವರ ಮುಖ ನೋಡ್ತಾರೆ.

ಆ ದುಡ್ಡು ಯಾರ ಸಂಬಳಕ್ಕೂ ಹೋಗುತ್ತಿರಲಿಲ್ಲ. ಖರ್ಚು ಏರಲು ಮುಖ್ಯ ಕಾರಣ ಸಿಐ ಹುಟ್ಟಿಸುವ ಫೈಲುಗಳು. ಅವುಗಳನ್ನು ಕ್ಲೌಡ್‌ನಲ್ಲಿ ಇಟ್ಟುಕೊಳ್ಳಬೇಕು, ಬೇರೆ ಬೇರೆ ಕಂಪನಿಗಳು ಕೊಡುಗೆಯಾಗಿ ಕೊಟ್ಟ, ಬೇರೆ ಬೇರೆ ಕಡೆ ಇರುವ ಟೆಸ್ಟ್ ಯಂತ್ರಗಳಿಗೆ ಕಳಿಸಬೇಕು. ಕ್ಲೌಡ್‌ನಿಂದ ಹೊರಗೆ ಹೋಗುವ ಪ್ರತಿ ಗಿಗಾಬೈಟ್‌ಗೂ ಮೀಟರ್ ಓಡುತ್ತದೆ. ಹಾಗಾಗಿ ಡೆವಲಪರ್‌ಗಳ ನಡುವೆ ಸಹಜವಾಗಿಯೇ ಪ್ರಶ್ನೆ ಎದ್ದಿತು: ಇಷ್ಟೆಲ್ಲವನ್ನೂ ಪ್ರತಿ ಸಲ ಮಾಡಲೇಬೇಕಾ?

ಎಂಜಿನಿಯರ್‌ಗಳ ಒಳಮನೆ ವಿಚಾರ ಅಂತ ಇದನ್ನು ಪಕ್ಕಕ್ಕಿಡಬಹುದಿತ್ತು. ಆದರೆ ಯಾವುದನ್ನು ಮತ್ತೆ ಪರಿಶೀಲಿಸಬೇಕು, ಯಾವ ಹಳೆಯ ಉತ್ತರವನ್ನು ನಂಬಬಹುದು, ಹಾಗಂತ ತೀರ್ಮಾನಿಸುವವರು ಯಾರು ಅನ್ನುವುದು ಬರೀ ಕೋಡಿನ ಪ್ರಶ್ನೆ ಅಲ್ಲ ಅಂತ ನನಗನ್ನಿಸುತ್ತೆ.

ಮೊದಲು, ಸಿಐ ಅಂದರೆ ಏನು

ಕಂಟಿನ್ಯೂಯಸ್ ಇಂಟಿಗ್ರೇಶನ್ ಎಂಬುದರ ಮೊಟಕು ರೂಪ ಸಿಐ. ನೂರಾರು ಜನ ಸೇರಿ ಬರೆಯುವ ಸಾಫ್ಟ್‌ವೇರಿಗೆ ಒಬ್ಬರು ಒಂದು ಸಣ್ಣ ಬದಲಾವಣೆ ಕಳಿಸುತ್ತಾರೆ ಅಂದುಕೊಳ್ಳಿ. ಅದು ಬಂದ ತಕ್ಷಣ ಎಲ್ಲೋ ಒಂದು ಯಂತ್ರ ಎದ್ದು ಕೂರುತ್ತದೆ, ಪೂರ್ತಿ ಕೋಡನ್ನು ಇಳಿಸಿಕೊಳ್ಳುತ್ತದೆ, ಅದನ್ನು ಓಡಿಸಬಲ್ಲ ರೂಪಕ್ಕೆ ತರುತ್ತದೆ. ಈ ಹಂತಕ್ಕೆ ಬಿಲ್ಡ್ ಅಂತಾರೆ. ಆಮೇಲೆ ಟೆಸ್ಟ್‌ಗಳನ್ನು ಓಡಿಸಿ ಹಸಿರು ಅಥವಾ ಕೆಂಪು ಗುರುತು ಹಾಕುತ್ತದೆ. ಹಸಿರಾದರೆ ಬದಲಾವಣೆ ಒಳಗೆ, ಕೆಂಪಾದರೆ ವಾಪಸ್.

ಟೆಸ್ಟ್ ಅಂದರೆ ಏನಂತ ತಿಳಿಯಲು ನಮ್ಮ ಲಿಪಿಯಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗಲ್ಲ. ನೀವು ಈ ಸಾಲನ್ನು ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಓದುತ್ತಿದ್ದರೆ ಇಲ್ಲಿನ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದೂ ಮೊದಲು ಇದೇ ಫ್ರೀಡೆಸ್ಕ್‌ಟಾಪ್‌ನ ಸೂರಿನಡಿ ಇದ್ದದ್ದು, ಈಗ ಗಿಟ್‌ಹಬ್‌ನಲ್ಲಿದೆ. ಅದರ ಟೆಸ್ಟ್‌ಗಳ ರಾಶಿಯಲ್ಲಿ ಕನ್ನಡಕ್ಕೆಂದೇ ಫೈಲುಗಳಿವೆ. ಒಂದೊಂದು ಸಾಲಿನಲ್ಲೂ ಒಂದು ಫಾಂಟಿನ ಹೆಸರು, ಕೆಲವು ಅಕ್ಷರಗಳ ಯೂನಿಕೋಡ್ ಸಂಖ್ಯೆಗಳು, ಆ ಅಕ್ಷರಗಳು ಪರದೆ ಮೇಲೆ ಯಾವ ಆಕಾರದಲ್ಲಿ ಯಾವ ಜಾಗದಲ್ಲಿ ಬರಬೇಕು ಅನ್ನುವ ಉತ್ತರ. ಯಾರೋ ಅರಬ್ಬಿ ಲಿಪಿಯ ಒಂದು ದೋಷ ಸರಿಪಡಿಸಲು ಹೋಗಿ ನಮ್ಮ ಒತ್ತನ್ನು ಕೆಡಿಸಿದರೆ ಅದನ್ನು ಹಿಡಿಯುವುದು ಈ ಸಾಲುಗಳೇ. ಕನ್ನಡ ಬಾರದ ಡೆವಲಪರ್ ಕನ್ನಡವನ್ನು ಹಾಳು ಮಾಡದಂತೆ ಕಾಯುವ ಬೇಲಿ ಅಂತ ಇಟ್ಟುಕೊಳ್ಳಿ.

ಹಾಗಾಗಿ ಟೆಸ್ಟ್ ಕಡಿಮೆ ಮಾಡಿ ದುಡ್ಡು ಉಳಿಸೋಣ ಅನ್ನುವುದು ಉತ್ತರ ಅಲ್ಲ. ಅದು ಬೇಲಿ ಕಿತ್ತು ಸೌದೆ ಉಳಿಸಿದ ಹಾಗೆ.

ಉಳಿತಾಯಕ್ಕೆ ಜಾಗ ಇರುವುದು ಬೇರೆ ಕಡೆ. ಎಷ್ಟೋ ಯೋಜನೆಗಳಲ್ಲಿ ಟೆಸ್ಟ್ ಕೂಡ ಒಂದು ಪ್ರೋಗ್ರಾಮ್. ಅದನ್ನೂ ಬಿಲ್ಡ್ ಮಾಡಬೇಕು. ಮೆಸಾ ಬಳಸುವ ಡಿಇಕ್ಯೂಪಿ ಎಂಬ ಟೆಸ್ಟ್ ಸಮೂಹವನ್ನೇ ನೋಡಿ. ಫಿನ್‌ಲ್ಯಾಂಡಿನ ಡ್ರಾಎಲಿಮೆಂಟ್ಸ್ ಎಂಬ ಸಣ್ಣ ಕಂಪನಿ ಕಟ್ಟಿದ್ದು, 2014ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು, ಈಗ ಅದು ವಲ್ಕನ್ ಮತ್ತು ಓಪನ್‌ಜಿಎಲ್‌ನ ಅಧಿಕೃತ ಪರೀಕ್ಷೆಯ ಭಾಗ. ಲಕ್ಷಗಟ್ಟಲೆ ಪರೀಕ್ಷೆಗಳಿರುವ ದೈತ್ಯ ಸಿ++ ಕೋಡ್. ಡ್ರೈವರಿನಲ್ಲಿ ಒಂದು ಸಾಲು ಬದಲಾಯಿಸಿದಾಗ ಡ್ರೈವರನ್ನು ಮತ್ತೆ ಕಟ್ಟಬೇಕು, ಸರಿ. ಟೆಸ್ಟ್‌ಗಳನ್ನು ಮತ್ತೆ ಓಡಿಸಬೇಕು, ಅದೂ ಸರಿ. ಆದರೆ ಒಂದಕ್ಷರವೂ ಬದಲಾಗದ ಆ ಟೆಸ್ಟ್ ಪ್ರೋಗ್ರಾಮನ್ನು ಯಾಕೆ ಮತ್ತೆ ಕಟ್ಟಬೇಕು? ಅಡುಗೆ ರುಚಿ ನೋಡಬೇಕು ನಿಜ, ಅದಕ್ಕಾಗಿ ಪ್ರತಿ ಸಲ ಹೊಸ ಸೌಟು ಮಾಡಿಸಬೇಕಿಲ್ಲ.

ಗಡಿಯಾರದ ಸಾಕ್ಷಿ

ಈ ಪ್ರಶ್ನೆ ಐವತ್ತು ವರ್ಷ ಹಳೆಯದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಸಿಡುಕುತ್ತಾ ಬಂದರಂತೆ. ಒಂದು ದೋಷ ಹುಡುಕುತ್ತಾ ಬೆಳಗ್ಗೆಯೆಲ್ಲಾ ಹಾಳಾಗಿತ್ತು. ದೋಷವನ್ನು ಅವರು ಮೊದಲೇ ಸರಿಪಡಿಸಿ ಆಗಿತ್ತು, ಆ ಫೈಲನ್ನು ಮತ್ತೆ ಕಂಪೈಲ್ ಮಾಡುವುದೊಂದು ಉಳಿದುಹೋಗಿತ್ತು. ಹಳೆಯ ಪ್ರೋಗ್ರಾಮೇ ಓಡುತ್ತಿತ್ತು. ಆ ವಾರಾಂತ್ಯ ಶುರುವಾದ ಕೆಲಸದಿಂದ ಹುಟ್ಟಿದ್ದು ಮೇಕ್ ಎಂಬ ಸಲಕರಣೆ. ಇವತ್ತಿಗೂ ಬಳಕೆಯಲ್ಲಿದೆ. 2003ರಲ್ಲಿ ಫೆಲ್ಡ್‌ಮನ್ ಅವರಿಗೆ ಎಸಿಎಂನ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂದದ್ದೂ ಇದಕ್ಕೇ.

ಮೇಕ್‌ನ ತರ್ಕ ಸರಳ. ಮೂಲ ಫೈಲು ಕೊನೆಗೆ ಬದಲಾದ ಸಮಯ ನೋಡು, ಅದರಿಂದ ಹುಟ್ಟಿದ ಫೈಲಿನ ಸಮಯ ನೋಡು. ಮೂಲ ಹೊಸದಾಗಿದ್ದರೆ ಮತ್ತೆ ಕಟ್ಟು, ಇಲ್ಲದಿದ್ದರೆ ಬಿಡು. ಒಬ್ಬರೇ ಒಂದೇ ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡುವ ಕಾಲಕ್ಕೆ ಇದು ಧಾರಾಳ ಸಾಕು.

ಸಿಐನಲ್ಲಿ ಇದು ಪೂರ್ತಿ ಕೈಕೊಡುತ್ತದೆ, ಕಾರಣ ಗಿಟ್. ಇಂದು ಹೆಚ್ಚುಕಡಿಮೆ ಎಲ್ಲರೂ ಕೋಡ್ ಇಡಲು ಬಳಸುವ ಗಿಟ್, ಫೈಲು ಯಾವಾಗ ಬದಲಾಯಿತು ಅನ್ನುವ ಸಮಯವನ್ನು ನೆನಪಿಡುವುದೇ ಇಲ್ಲ. ಇದು ಬೇಕಂತಲೇ ಮಾಡಿದ್ದು. ನೀವು ಹಳೆಯ ಆವೃತ್ತಿಗೆ ಹೋದಾಗ ಫೈಲುಗಳ ಮೇಲೆ ಹಳೆಯ ಸಮಯ ಕೂತುಬಿಟ್ಟರೆ ಮೇಕ್‌ಗೆ ಏನೋ ಬದಲಾಗಿದೆ ಅನ್ನುವುದೇ ಗೊತ್ತಾಗಲ್ಲ, ಜಾನ್ಸನ್ ಅವರ ಬೆಳಗ್ಗೆ ಮತ್ತೆ ಹಾಳಾಗುತ್ತದೆ. ಹಾಗಾಗಿ ಗಿಟ್ ಇಳಿಸಿದ ಫೈಲಿಗೆಲ್ಲ ಇಳಿಸಿದ ಆ ಕ್ಷಣದ ಸಮಯವೇ ಅಂಟುತ್ತದೆ. ಸಿಐ ಯಂತ್ರವಾದರೋ ಸಾಮಾನ್ಯವಾಗಿ ಪ್ರತಿ ಸಲ ಹೊಚ್ಚ ಹೊಸದು, ಕೆಲಸ ಮುಗಿದ ಮೇಲೆ ಅಳಿಸಿಹೋಗುತ್ತದೆ. ಮುಂದಿನ ಸಲ ಮತ್ತೆ ಎಲ್ಲವನ್ನೂ ಇಳಿಸಿಕೊಂಡಾಗ ಹತ್ತು ವರ್ಷದಿಂದ ಯಾರೂ ಮುಟ್ಟದ ಟೆಸ್ಟ್ ಫೈಲು ಕೂಡ ಈಗ ತಾನೇ ಹುಟ್ಟಿದ ಕೂಸಿನಂತೆ ಕಾಣುತ್ತದೆ. ಹಿಂದಿನ ಬಿಲ್ಡ್ ಅನ್ನು ಕಷ್ಟಪಟ್ಟು ಉಳಿಸಿ ತಂದು ಪಕ್ಕದಲ್ಲಿಟ್ಟರೂ ಮೇಕ್ ಅದನ್ನು ಹಳತು ಅಂದು ಎಸೆಯುತ್ತದೆ. ಎರಡೂ ಒಳ್ಳೆಯ ಸಲಕರಣೆಗಳೇ, ಎರಡರ ತೀರ್ಮಾನವೂ ಅವುಗಳ ಜಾಗದಲ್ಲಿ ಸರಿಯೇ. ಜೊತೆಗೆ ಕೂರಿಸಿದಾಗ ಮಾತ್ರ ದಿನವಿಡೀ ದಂಡದ ಕೆಲಸ.

ಗೋ ಭಾಷೆಯಲ್ಲಿ ಇದರ ಇನ್ನೂ ಸೂಕ್ಷ್ಮ ರೂಪ ಸಿಗುತ್ತದೆ. 2018ರ ಫೆಬ್ರವರಿಯಲ್ಲಿ ಬಂದ ಗೋ 1.10ರಿಂದ ಟೆಸ್ಟ್‌ನ ಫಲಿತಾಂಶವನ್ನೇ ಉಳಿಸಿಕೊಳ್ಳುವ ವ್ಯವಸ್ಥೆ ಇದೆ. ಏನೂ ಬದಲಾಗಿಲ್ಲ ಅಂದರೆ ಟೆಸ್ಟ್ ಓಡಿಸದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಕೋಡ್ ಬದಲಾಗಿದೆಯಾ ಅಂತ ತಿಳಿಯಲು ಅದು ಒಳಗಿನ ಹೂರಣವನ್ನೇ ನೋಡುತ್ತದೆ, ಸಂತೋಷ. ಆದರೆ ಟೆಸ್ಟ್ ಓಡುವಾಗ ತೆರೆದು ಓದುವ ಮಾದರಿ ಫೈಲುಗಳ ವಿಷಯದಲ್ಲಿ ಮಾತ್ರ ಗಾತ್ರ ಮತ್ತು ಸಮಯ ನೋಡಿ ತೀರ್ಮಾನಿಸುತ್ತದೆ. ಈಗಷ್ಟೇ, ಅಂದರೆ ಎರಡು ಸೆಕೆಂಡಿನೊಳಗೆ ಬದಲಾದ ಫೈಲಾದರೆ ನಂಬುವುದೇ ಇಲ್ಲ. ಸಿಐನಲ್ಲಿ ಎಲ್ಲ ಫೈಲೂ ಈಗಷ್ಟೇ ಬಂದದ್ದು ತಾನೇ? ಉಳಿಸಿದ ಫಲಿತಾಂಶ ಅಲ್ಲಿ ಕೆಲಸಕ್ಕೆ ಬರಲ್ಲ.

ಇದಕ್ಕೆ ಹಲವು ತಂಡಗಳು ಒಂದು ನಾಟಿ ಔಷಧ ಕಂಡುಕೊಂಡಿವೆ. ಎಲ್ಲ ಫೈಲುಗಳ ಮೇಲೂ 2000ದ ಜನವರಿ 1ರಂಥ ಯಾವುದೋ ಹಳೆಯ ತಾರೀಖು ಹೊಡೆದುಬಿಡುವುದು. ಸಮಯ ಯಾವಾಗಲೂ ಒಂದೇ ಆದ್ದರಿಂದ ಗೋ ನಂಬುತ್ತದೆ, ಬಿಲ್ಡ್ ಚುರುಕಾಗುತ್ತದೆ, ಎಲ್ಲರಿಗೂ ಖುಷಿ. ಆದರೆ ಮಾದರಿ ಫೈಲಿನಲ್ಲಿ ಯಾರಾದರೂ 17 ಇದ್ದಲ್ಲಿ 71 ಅಂತ ತಿದ್ದಿದರೆ? ಗಾತ್ರ ಅದೇ, ತಾರೀಖೂ ಅದೇ. ಗೋ ಹಳೆಯ ಹಸಿರು ಗುರುತನ್ನೇ ತೆಗೆದುಕೊಡುತ್ತದೆ. ಓಡದ ಟೆಸ್ಟ್ ಪಾಸಾಗಿದೆ ಅಂತ ದಾಖಲಾಗುತ್ತದೆ. ಎಲ್ಲವನ್ನೂ ಮತ್ತೆ ಕಟ್ಟುವುದು ದುಂದು ನಿಜ. ಆದರೆ ಇದು ಸುಳ್ಳು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ದುಂದನ್ನೇ ಆರಿಸುತ್ತೇನೆ.

ತಾರೀಖು ಬಿಟ್ಟು ಹೂರಣ ನೋಡುವುದು

ಸರಿಯಾದ ದಾರಿ ಫೈಲಿನ ಹೂರಣವನ್ನು ನೋಡುವುದು. ಫೈಲಿನ ಎಲ್ಲ ಬೈಟ್‌ಗಳನ್ನೂ ಒಂದು ಲೆಕ್ಕಕ್ಕೆ ಹಾಕಿ ಅದರಿಂದ ಒಂದು ನಿಗದಿತ ಉದ್ದದ ಸಂಖ್ಯೆ ತೆಗೆಯುತ್ತಾರೆ, ಅದಕ್ಕೆ ಹ್ಯಾಶ್ ಅಂತ ಹೆಸರು. ಫೈಲಿನ ಹೆಬ್ಬೆಟ್ಟಿನ ಗುರುತು ಅನ್ನಬಹುದು. ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಅಕ್ಷರ ಬದಲಾಗದಿದ್ದರೆ ಫೈಲು ಯಾವ ಯಂತ್ರದಲ್ಲಿ ಯಾವ ವರ್ಷ ಇಳಿದರೂ ಗುರುತು ಅದೇ. ಒಂದು ಟೆಸ್ಟ್ ಪ್ರೋಗ್ರಾಮ್ ಯಾವ ಯಾವುದರಿಂದ ಹುಟ್ಟುತ್ತದೋ ಆ ಎಲ್ಲದರ ಗುರುತುಗಳನ್ನು ಸೇರಿಸಿ ಒಂದು ಬೀಗದ ಕೈ ಮಾಡಿ, ಹುಟ್ಟಿದ ಪ್ರೋಗ್ರಾಮನ್ನು ಆ ಕೈಯ ಹೆಸರಲ್ಲಿ ಎತ್ತಿಡಿ. ಮುಂದಿನ ಸಲ ಅದೇ ಕೈ ಬಂದರೆ ಎತ್ತಿಟ್ಟದ್ದನ್ನು ಕೊಡಿ, ಇಲ್ಲದಿದ್ದರೆ ಹೊಸದಾಗಿ ಕಟ್ಟಿ. ಗೂಗಲ್ 2015ರಲ್ಲಿ ಹೊರಬಿಟ್ಟ ಬೇಝಲ್, 2003ರಿಂದ ಇರುವ ನಿಕ್ಸ್, ಸಿ ಭಾಷೆಯವರ ಹಳೆಯ ಗೆಳೆಯ ಸಿಕ್ಯಾಶ್, ಎಲ್ಲವೂ ಸ್ವಲ್ಪ ಆಚೀಚೆ ಮಾಡುವುದು ಇದನ್ನೇ.

ಕೇಳಲು ಸುಲಭ. ಕಷ್ಟ ಇರುವುದು "ಯಾವ ಯಾವುದರಿಂದ ಹುಟ್ಟುತ್ತದೋ ಆ ಎಲ್ಲ" ಅನ್ನುವ ಮಾತಿನಲ್ಲಿ.

ಸರ್ಕಾರಿ ಕಚೇರಿಯಲ್ಲಿ ಸರದಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತೆ. ಆದಾಯ ವರ್ಷ ವರ್ಷ ಬದಲಾಗುತ್ತದೆ, ಅದರ ಹೊಸ ಪ್ರಮಾಣಪತ್ರ ಕೇಳುವುದರಲ್ಲಿ ನ್ಯಾಯ ಇದೆ. ಹುಟ್ಟಿದ ದಿನ ಬದಲಾಗಲ್ಲ, ಜಾತಿ ಬದಲಾಗಲ್ಲ. ಆದರೂ ಹೊಸ ಅರ್ಜಿ ಬಂದಾಗೆಲ್ಲ ಎಲ್ಲವನ್ನೂ ಹೊಸದಾಗಿ ತಾ ಅನ್ನುವ ಕೌಂಟರ್‌ಗಳು ಕಮ್ಮಿಯೇನಿಲ್ಲ. ಯಾವ ತೀರ್ಮಾನ ಯಾವ ಮಾಹಿತಿಯ ಮೇಲೆ ನಿಂತಿದೆ ಅಂತ ಕಚೇರಿಯಲ್ಲಿ ಯಾರೂ ಬರೆದಿಟ್ಟಿಲ್ಲವಾದ್ದರಿಂದ ಎಲ್ಲವನ್ನೂ ಮತ್ತೆ ಕೇಳುವುದೇ ಸುರಕ್ಷಿತ. ಸುರಕ್ಷಿತ ಯಾರಿಗೆ? ಕೇಳುವವರಿಗೆ. ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವವರಿಗಲ್ಲ.

ಸಾಫ್ಟ್‌ವೇರ್ ತಂಡಗಳೂ ಹೀಗೇ. ನಾನು ಕೋಡ್ ಬರೆಯುತ್ತಿದ್ದ ಕಾಲದಲ್ಲಿ ಏನೇ ತಲೆಹರಟೆ ಆದರೂ ಸಿಗುತ್ತಿದ್ದ ಮೊದಲ ಸಲಹೆ "ಎಲ್ಲ ಅಳಿಸಿ ಮತ್ತೆ ಬಿಲ್ಡ್ ಮಾಡು". ಅದರಲ್ಲಿ ಅನುಭವ ಇಲ್ಲ ಅಂತಲ್ಲ. ಬಿಲ್ಡ್ ಒಂದು ಫೈಲಿನ ಮೇಲಷ್ಟೇ ನಿಂತಿರುವುದಿಲ್ಲ. ಕಂಪೈಲರಿನ ಆವೃತ್ತಿ, ಯಂತ್ರದಲ್ಲಿ ಮೊದಲೇ ಇರುವ ಲೈಬ್ರರಿಗಳು, ಎನ್ವಿರಾನ್ಮೆಂಟ್ ವೇರಿಯಬಲ್‌ಗಳು, ಟೈಮ್ ಝೋನ್, ಬಿಲ್ಡ್ ನಡುವೆ ಇಂಟರ್ನೆಟ್‌ನಿಂದ ಸದ್ದಿಲ್ಲದೆ ಇಳಿಯುವ ಏನೋ ಒಂದು, ಹೀಗೆ ಕಾಣದ ಕೈಗಳು ಬಹಳ. ಇವುಗಳಲ್ಲಿ ಒಂದನ್ನು ಪಟ್ಟಿಯಲ್ಲಿ ಬರೆಯುವುದು ಬಿಟ್ಟುಹೋದರೂ ಹಳಸಿದ ಫೈಲು ತಾಜಾ ಎಂಬ ಚೀಟಿ ಅಂಟಿಸಿಕೊಂಡು ಬರುತ್ತದೆ. ಒಮ್ಮೆ ಹಾಗೆ ಸುಟ್ಟುಕೊಂಡ ತಂಡ ಆಮೇಲೆ ಮಜ್ಜಿಗೆಯನ್ನೂ ಊದಿ ಕುಡಿಯುತ್ತೆ. ಎಲ್ಲವನ್ನೂ ಎಲ್ಲ ಸಲವೂ ಕಟ್ಟುವುದು ನಿಯಮವಾಗುತ್ತದೆ, ಯಾಕೆ ಅಂತ ಕೇಳುವವರು ಮೂರು ವರ್ಷದಲ್ಲಿ ಕೆಲಸ ಬಿಟ್ಟು ಹೋಗಿರುತ್ತಾರೆ.

ಮೆಸಾದವರು ಏನು ಮಾಡಿದರು

ಮೆಸಾದ ವ್ಯವಸ್ಥೆಯನ್ನು ಯಾರು ಬೇಕಾದರೂ ತೆರೆದು ಓದಬಹುದು, ಹಾಗಾಗಿ ಅದು ಒಳ್ಳೆಯ ಪಾಠ. ಅಲ್ಲಿ ಡಿಇಕ್ಯೂಪಿಯಂಥ ಟೆಸ್ಟ್ ಸಮೂಹಗಳನ್ನು ಒಂದೇ ಸಲ ಕಟ್ಟಿ, ಬೇಕಾದ ಲೈಬ್ರರಿಗಳ ಸಮೇತ ಒಂದು ಕಂಟೇನರ್ ಇಮೇಜಿನೊಳಗೆ ಇಡುತ್ತಾರೆ. ಇಮೇಜ್ ಅಂದರೆ ಬುತ್ತಿ ಕಟ್ಟಿದ ಹಾಗೆ, ಯಂತ್ರ ಯಾವುದಾದರೂ ಬಿಚ್ಚಿದರೆ ಒಳಗೆ ಅದೇ ಊಟ. ಪ್ರತಿ ಇಮೇಜಿಗೂ ಒಂದು ಟ್ಯಾಗ್. ಡ್ರೈವರಿಗೆ ಬದಲಾವಣೆ ಬಂದಾಗ ಸಿಐ ಮೊದಲು ಈ ಟ್ಯಾಗಿನ ಇಮೇಜ್ ಇದೆಯಾ ಅಂತ ಉಗ್ರಾಣದಲ್ಲಿ ನೋಡುತ್ತದೆ. ಇದ್ದರೆ ಟೆಸ್ಟ್ ಕಟ್ಟುವ ಗೋಜಿಗೇ ಹೋಗಲ್ಲ, ಡ್ರೈವರ್ ಒಂದನ್ನು ಕಟ್ಟಿ ನೇರ ಪರೀಕ್ಷೆಗೆ. ಹೊಸ ಟೆಸ್ಟ್ ಆವೃತ್ತಿ ಬೇಕಾದಾಗ ಯಾರಾದರೂ ಟ್ಯಾಗ್ ಬದಲಾಯಿಸುತ್ತಾರೆ, ಆಗ ಮಾತ್ರ ಹೊಸ ಬುತ್ತಿ.

ಇಲ್ಲೂ ಮನುಷ್ಯನ ಮರೆವಿಗೆ ಜಾಗ ಇದೆ. ಟೆಸ್ಟ್ ಕಟ್ಟುವ ಸ್ಕ್ರಿಪ್ಟ್ ತಿದ್ದಿ ಟ್ಯಾಗ್ ಬದಲಾಯಿಸುವುದನ್ನು ಮರೆತರೆ ಏನಾಗುತ್ತೆ? ಹಳೆಯ ಇಮೇಜೇ ಓಡುತ್ತದೆ, ಎಲ್ಲ ಹಸಿರು, ನೀವು ತಿದ್ದಿದ್ದು ಪರೀಕ್ಷೆಗೇ ಒಳಗಾಗಿಲ್ಲ. ಈಚೆಗೆ ಅವರು ಕೆಲವು ಭಾಗಗಳಿಗೆ ಸ್ಕ್ರಿಪ್ಟಿನ ಹ್ಯಾಶನ್ನೇ ಟ್ಯಾಗ್ ಮಾಡಿದ್ದಾರೆ. ಎರಡೂ ಹೊಂದದಿದ್ದರೆ ಸಿಐ ಅಲ್ಲೇ ನಿಲ್ಲುತ್ತದೆ. ನೆನಪಿಟ್ಟುಕೊಳ್ಳುವ ಕೆಲಸವನ್ನು ಮನುಷ್ಯರಿಂದ ತೆಗೆದು ಯಂತ್ರಕ್ಕೆ ಕೊಟ್ಟದ್ದು ನನಗೆ ಇಷ್ಟವಾದ ಭಾಗ.

ಇನ್ನೊಂದು ನಿಯಮ, ಯಾವ ಕಡತ ಮುಟ್ಟಿದರೆ ಯಾವ ಟೆಸ್ಟ್ ಅನ್ನುವುದು. ಕ್ವಾಲ್‌ಕಾಮ್ ಚಿಪ್‌ನ ಡ್ರೈವರಿಗೆ ತಿದ್ದುಪಡಿ ಬಂದರೆ ಎಎಂಡಿ ಯಂತ್ರಗಳನ್ನು ಎಬ್ಬಿಸಬೇಕಿಲ್ಲ. ದಾಖಲೆಯಲ್ಲಿ ಕಾಗುಣಿತ ತಿದ್ದಿದರೆ ಯಾರನ್ನೂ ಎಬ್ಬಿಸಬೇಕಿಲ್ಲ. ಇದನ್ನು ಗಿಟ್‌ಹಬ್‌ನಲ್ಲಿ ಮಾಡಲು ಹೋಗುವವರಿಗೆ ಒಂದು ಕಿವಿಮಾತು: ಕಡ್ಡಾಯ ಅಂತ ಗುರುತು ಮಾಡಿದ ಪರೀಕ್ಷೆಯ ವರ್ಕ್‌ಫ್ಲೋವನ್ನು ಕಡತದ ನಿಯಮ ಹಾಕಿ ಬಿಟ್ಟುಬಿಟ್ಟರೆ ಅದು ಪಾಸ್ ಅಂತ ತೋರಿಸಲ್ಲ, ಬಾಕಿ ಇದೆ ಅಂತಲೇ ನೇತಾಡುತ್ತಿರುತ್ತದೆ, ಬದಲಾವಣೆ ಒಳಗೂ ಹೋಗಲ್ಲ. ಅದಕ್ಕೆ ಬೇಸತ್ತು ನಿಯಮವನ್ನೇ ಕಿತ್ತು ಎಲ್ಲವನ್ನೂ ಓಡಿಸುವ ಹಳೆಯ ಚಾಳಿಗೆ ಮರಳಿದವರಿದ್ದಾರೆ.

ದೊಡ್ಡವರ ದಾರಿ ಬೇರೆ. 2018ರಲ್ಲಿ ಫೇಸ್‌ಬುಕ್ ತನ್ನ ಹಳೆಯ ಟೆಸ್ಟ್ ದಾಖಲೆಗಳಿಂದ ಕಲಿತ ಒಂದು ಮಾದರಿಯ ಬಗ್ಗೆ ಬರೆಯಿತು. ಬದಲಾವಣೆಗೆ ಸಂಬಂಧಪಟ್ಟ ಟೆಸ್ಟ್‌ಗಳಲ್ಲಿ ಮೂರನೇ ಒಂದು ಭಾಗ ಓಡಿಸಿದರೂ ಕೆಟ್ಟ ಬದಲಾವಣೆಗಳಲ್ಲಿ ಶೇ. 99.9ರಷ್ಟು ಸಿಕ್ಕಿಬೀಳುತ್ತವೆ ಅನ್ನುವುದು ಅದರ ಲೆಕ್ಕ. ಆದರೆ ಹಾಗೆ ಕಲಿಯಲು ಫೇಸ್‌ಬುಕ್‌ನಷ್ಟು ದಾಖಲೆ ಬೇಕು. ನಾಲ್ಕು ಜನ ರಾತ್ರಿ ಹೊತ್ತು ಕೂತು ಬರೆಯುವ ಯೋಜನೆಗೆ ಆ ದಾರಿ ಇಲ್ಲ.

ಮತ್ತೆ ಕಟ್ಟಲೇಬೇಕಾಗಿದ್ದ ಎರಡು ಫೈಲು

ಇಷ್ಟು ಹೊತ್ತು ಮತ್ತೆ ಕಟ್ಟಬೇಡಿ ಅಂತ ಹೇಳಿದ ಮೇಲೆ 2024ರ ಮಾರ್ಚ್ 29ರ ಕತೆಯನ್ನು ಹೇಳದೆ ಹೋದರೆ ಅರ್ಧ ಸತ್ಯವಾಗುತ್ತದೆ. ಆ ದಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಮೈಕ್ರೋಸಾಫ್ಟ್ ಉದ್ಯೋಗಿ ಆಂಡ್ರೆಸ್ ಫ್ರಾಯಿಂಡ್ ಒಂದು ಎಚ್ಚರಿಕೆ ಕಳಿಸಿದರು. ದೂರದ ಸರ್ವರಿಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಅಂತ ಬೆನ್ನು ಹತ್ತಿ ಹೋದವರಿಗೆ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯೊಳಗಿನ ಹಿಂಬಾಗಿಲು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದು ಕೂತಿತ್ತು. ಇನ್ನು ಕೆಲವು ತಿಂಗಳು ಯಾರ ಕಣ್ಣಿಗೂ ಬೀಳದಿದ್ದರೆ ಎಷ್ಟೋ ಲಿನಕ್ಸ್ ಸರ್ವರ್‌ಗಳ ಬೀಗದ ಕೈ ಒಬ್ಬ ಅಪರಿಚಿತನ ಜೇಬಿಗೆ ಹೋಗುತ್ತಿತ್ತು.

ಆ ಹಿಂಬಾಗಿಲನ್ನು ಬಚ್ಚಿಟ್ಟಿದ್ದು ಎಲ್ಲಿ? ಟೆಸ್ಟ್ ಫೈಲುಗಳಲ್ಲಿ.

ಎಕ್ಸ್‌ಝಡ್ ಕೆಟ್ಟುಹೋದ ಸಂಕುಚಿತ ಫೈಲುಗಳನ್ನು ಸರಿಯಾಗಿ ತಿರಸ್ಕರಿಸುತ್ತದೆಯೇ ಅಂತ ಪರೀಕ್ಷಿಸಲು ಬೇಕಂತಲೇ ಕೆಡಿಸಿದ ಮಾದರಿ ಫೈಲುಗಳು ಅದರ ಕೋಡಿನ ಜೊತೆಗೇ ಇರುತ್ತವೆ. ಹೆಚ್ಚಿನವು ಹೆಕ್ಸ್ ಎಡಿಟರ್‌ನಲ್ಲಿ ಕೈಯಾರೆ ಮಾಡಿದವು, ಇವಕ್ಕೆ ಇವೇ ಮೂಲ ಅಂತ ಅಲ್ಲಿನ ಟಿಪ್ಪಣಿಯೇ ಹೇಳುತ್ತಿತ್ತು. ಅಂದರೆ ಯಾರೂ ಮತ್ತೆ ಕಟ್ಟಿ ನೋಡಲು ಸಾಧ್ಯವಿಲ್ಲದ ಫೈಲುಗಳು. ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ವ್ಯಕ್ತಿ ಅಥವಾ ಗುಂಪು ಅಂಥ ಎರಡು ಫೈಲು ಸೇರಿಸಿತು. ಬಿಡುಗಡೆಯ ಕಂತೆಯಲ್ಲಿ ಮಾತ್ರ ಇದ್ದ, ಗಿಟ್‌ನಲ್ಲಿ ಇರದಿದ್ದ ಒಂದು ಬಿಲ್ಡ್ ಸ್ಕ್ರಿಪ್ಟ್ ಅವುಗಳಿಂದ ವಿಷ ತೆಗೆದು ಲೈಬ್ರರಿಗೆ ಬೆರೆಸುತ್ತಿತ್ತು. ಮಾರ್ಚ್‌ನಲ್ಲಿ ಆ ಎರಡು ಫೈಲುಗಳನ್ನು ಬದಲಾಯಿಸಿದಾಗ ಕೊಟ್ಟ ಕಾರಣ ಇನ್ನೂ ಮೈ ಜುಮ್ಮೆನಿಸುವಂಥದ್ದು. ಮೊದಲಿನವು ತನ್ನ ಯಂತ್ರದ ಯಾದೃಚ್ಛಿಕ ಸಂಖ್ಯೆಗಳಿಂದ ಹುಟ್ಟಿದ್ದವು, ಮುಂದೆ ಬೇಕಾದಾಗ ಮತ್ತೆ ಅದೇ ರೀತಿ ಹುಟ್ಟಿಸಲು ಅನುಕೂಲವಾಗಲಿ ಅಂತ ಸ್ಥಿರವಾದ ಸೀಡ್ ಬಳಸಿ ಹೊಸದಾಗಿ ಮಾಡಿದ್ದೇನೆ ಅನ್ನುವ ಅರ್ಥದ ಮಾತು. ಒಳ್ಳೆಯ ಎಂಜಿನಿಯರ್ ಆಡುವ ಮಾತು ಅದು. ಹಾಗಿದ್ದರೆ ಹುಟ್ಟಿಸುವ ಸ್ಕ್ರಿಪ್ಟ್ ಕೊಡಿ, ನಾವೂ ಒಮ್ಮೆ ಹುಟ್ಟಿಸಿ ಹ್ಯಾಶ್ ಹೊಂದುತ್ತದೆಯಾ ನೋಡುತ್ತೇವೆ ಅನ್ನುವ ಯಂತ್ರವೋ ಮನುಷ್ಯರೋ ಅಲ್ಲಿ ಇರಲಿಲ್ಲ. ಆ ಲೈಬ್ರರಿಯನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಲಾಸೆ ಕೋಲಿನ್ ಎಂಬ ಒಬ್ಬರು, ಸಂಬಳ ಇಲ್ಲದೆ, ಹವ್ಯಾಸವಾಗಿ.

ಹಾಗಾಗಿ ಟೆಸ್ಟ್ ಫೈಲುಗಳಲ್ಲಿ ಎರಡು ಜಾತಿ ಮಾಡಿಕೊಳ್ಳುವುದು ಕ್ಷೇಮ. ಸ್ಕ್ರಿಪ್ಟಿನಿಂದ ಹುಟ್ಟುವವು ಒಂದು: ಇವನ್ನು ಪ್ರತಿ ಬದಲಾವಣೆಗೂ ಕಟ್ಟುವುದು ದಂಡ, ಹ್ಯಾಶ್ ನೋಡಿ ಎತ್ತಿಟ್ಟದ್ದನ್ನು ಬಳಸಿ, ಆದರೆ ವಾರಕ್ಕೊಮ್ಮೆ ರಾತ್ರಿ ಬೇರೆ ಯಂತ್ರದಲ್ಲಿ ಮೊದಲಿಂದ ಕಟ್ಟಿ ಎರಡೂ ಒಂದೇನಾ ನೋಡಿ. ಡೆಬಿಯನ್ ಮತ್ತಿತರರ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಆಂದೋಲನ ವರ್ಷಗಳಿಂದ ಮಾಡುತ್ತಿರುವುದು ಇಂಥದ್ದೇ ಕೆಲಸ. ಕೈಯಾರೆ ಮಾಡಿದವು ಇನ್ನೊಂದು: ಇವು ಬದಲಾದಾಗ ಯಂತ್ರದ ಹಸಿರು ಗುರುತು ಸಾಲದು, ಇಬ್ಬರು ಮನುಷ್ಯರು ಕೂತು ನೋಡಬೇಕು.

ಇಬ್ಬರು ಮನುಷ್ಯರು ಎಲ್ಲಿಂದ ಬರುತ್ತಾರೆ ಅನ್ನುವಲ್ಲಿಗೆ ಮಾತು ಮತ್ತೆ ದುಡ್ಡಿಗೆ ಬರುತ್ತದೆ. ಟ್ರಾವಿಸ್ ಸಿಐ ಎಂಬ ಕಂಪನಿ ಬಹಳ ವರ್ಷ ಮುಕ್ತ ತಂತ್ರಾಂಶಗಳಿಗೆ ಉಚಿತ ಯಂತ್ರ ಕೊಡುತ್ತಿತ್ತು. 2020ರ ನವೆಂಬರಿನಲ್ಲಿ ಅದಕ್ಕೆ ಮಿತಿ ಹಾಕಿತು, ಕ್ರಿಪ್ಟೋ ಗಣಿಗಾರರು ದುರುಪಯೋಗ ಮಾಡಿದ್ದು ಅದಕ್ಕೊಂದು ಕಾರಣ. ಫ್ರೀಡೆಸ್ಕ್‌ಟಾಪ್‌ಗೆ 2020ರ ಬಿಕ್ಕಟ್ಟಿನ ನಂತರ ಆಸರೆಯಾದದ್ದು ಈಕ್ವಿನಿಕ್ಸ್ ಕಂಪನಿಯ ಉಚಿತ ಸರ್ವರ್‌ಗಳು. ಕಂಪನಿ ಆ ವ್ಯವಹಾರವನ್ನೇ ಮುಚ್ಚಲು ಹೊರಟಾಗ 2025ರ ಆರಂಭದಲ್ಲಿ ಅವರು ಮತ್ತೆ ಗಂಟುಮೂಟೆ ಕಟ್ಟಿ ಜರ್ಮನಿಯ ಹೆಟ್ಸ್‌ನರ್ ಕಡೆಗೆ ಹೊರಡಬೇಕಾಯಿತು, ಈ ಸಲ ಬಾಡಿಗೆ ಕೊಟ್ಟು. ದಾನದ ಯಂತ್ರದಲ್ಲಿ ದುಂದು ಮಾಡಿದರೆ ಕಾಣುವುದಿಲ್ಲ. ಬಾಡಿಗೆ ಶುರುವಾದ ದಿನ ಒಂದೊಂದು ಗಂಟೆಯೂ ಕಾಣುತ್ತದೆ, ಅಷ್ಟು ಹೊತ್ತಿಗೆ ತಿದ್ದಲು ಕೂರುವ ಪುರುಸೊತ್ತು ಇರುವುದಿಲ್ಲ.

ನಿಮ್ಮ ಕಂಪನಿಯಲ್ಲೋ, ಕಾಲೇಜಿನ ಪ್ರಾಜೆಕ್ಟಿನಲ್ಲೋ ಸಿಐ ಇದ್ದರೆ ಈ ವಾರ ಎರಡು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು, ಏನನ್ನೂ ಬದಲಾಯಿಸದೆ ಅದೇ ಕಮಿಟ್ ಮೇಲೆ ಸಿಐ ಅನ್ನು ಎರಡನೇ ಸಲ ಓಡಿಸಿ. ಎರಡನೇ ಸಲ ಏನೇನು ಮತ್ತೆ ಕಟ್ಟಿತೋ ಅದರ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಯಾಕೆ ಅಂತ ಬರೆಯಲು ಪ್ರಯತ್ನಿಸಿ. ಎರಡು, ಒಂದು ಟೆಸ್ಟ್‌ನ ಮಾದರಿ ಫೈಲಿನಲ್ಲಿ ಎರಡು ಅಂಕಿ ಅದಲುಬದಲು ಮಾಡಿ, ಗಾತ್ರ ಹಾಗೇ ಇರಲಿ, ಬೇರೆ ಏನೂ ಮುಟ್ಟಬೇಡಿ. ಸಿಐ ಕೆಂಪಾಗಬೇಕು. ಹಸಿರೇ ಬಂದರೆ ಮೊದಲ ಪಟ್ಟಿಯನ್ನು ಪಕ್ಕಕ್ಕಿಟ್ಟು ಇದನ್ನು ಮೊದಲು ಸರಿ ಮಾಡಿ.